ಲೆಕ್ಕಕ್ಕೆ ಬಾರದ ಒದೆತಗಳು

ನಮ್ಮ ಕರಾಟೆ ಸರ್ ಒದೆಯುವುದಕ್ಕೆ ಮುಂಚೆ ಮೂರು ಕೆಲಸ ಮಾಡುತ್ತಾರೆ. ಬಲತೊಡೆಯ ಮೇಲಿನ ಪ್ಯಾಂಟನ್ನು ಬೆರಳ ತುದಿಯಲ್ಲಿ ಹಿಡಿದು ತುಸು ಮೇಲಕ್ಕೆಳೆಯುತ್ತಾರೆ. ‘ಖ್ಹೂಂ’ ಎಂದು ಗಂಟಲು ಸರಿಮಾಡಿಕೊಳ್ಳುತ್ತಾರೆ. ಬಿಗಿಯಾದ ಬಾಗಿಲನ್ನು ಭುಜದಿಂದ ದೂಡಿದ ಹಾಗೆ ಬಲಸೊಂಟವನ್ನು ಒಮ್ಮೆ ಹೊರಕ್ಕೆ ದೂಡುತ್ತಾರೆ. ಕಾಲು ಏಳುವುದು ಆಮೇಲೆ. ಎದ್ದ ಮೇಲೆ ಮಾತ್ರ ಅದನ್ನು ನೋಡಬೇಕು. ಎದುರಿಗೆ ನಿಂತವನ ಕಿವಿಯ ಪಕ್ಕ ಗಾಳಿ ಸುಯ್ಯೆನ್ನುತ್ತದೆ, ಅವನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸರ್ ಕಾಲಿಳಿಸಿ, ಪ್ಯಾಂಟು ಸರಿಮಾಡಿಕೊಂಡು, ಬೇರೆ ಯಾರನ್ನೋ ಬೈಯುತ್ತಿರುತ್ತಾರೆ.

ಇದನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತೇನೆಂದರೆ, ಬೀದರಿನ ಕ್ಲಾಸಿಗೆ ಹೊಸದಾಗಿ ಸೇರಿದವನೊಬ್ಬ ಒಂದು ಬೆಳಿಗ್ಗೆ ನನ್ನನ್ನು ಹಿಂದಿನಿಂದ ನೋಡಿ, ಬಾಗಿ ನಮಸ್ಕಾರ ಮಾಡಿ, ಅಕ್ಕನ ಮದುವೆಗೆ ರಜೆ ಕೇಳಿದ. ಕೊಟ್ಟೆ. ಒಂದು ದಿನ ಜಾಸ್ತಿಯೇ ಕೊಟ್ಟೆ.

ಅಣಕಿಸುವುದು ನನಗೆ ಉಸಿರಾಟದ ಹಾಗೆ ಬರುತ್ತದೆ. ನರ್ಸ್ ಆಗಿರುವ ಅವ್ವ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವ ರೀತಿ, ನಮ್ಮ ಚರ್ಚಿನ ಪಾಸ್ಟರು ಆಶೀರ್ವಾದ ಕೊಡುವಾಗ ಹಿಮ್ಮಡಿ ಎತ್ತಿ ನಿಲ್ಲುವ ರೀತಿ, ಔರಾದ ಬಸ್ಸಿನ ಕಂಡಕ್ಟರು ಎರಡು ಸೀಟಿನ ನಡುವೆ ಅಡ್ಡಡ್ಡ ನುಸುಳುವ ರೀತಿ, ಎಲ್ಲವೂ ನನ್ನ ಹತ್ತಿರ ಇವೆ. ನನ್ನನ್ನು ನಾನು ಅಣಕಿಸುವುದು ಎಲ್ಲಕ್ಕಿಂತ ಸುಲಭ. ಎರಡೂ ಕೈ ಮೊಣಕಾಲ ಮೇಲಿಟ್ಟು, ಬಾಯಿ ತೆರೆದು, “ಒಂದ್ ನಿಮಿಷ್ರಿ ಸರ್” ಅಂದರೆ ಮುಗಿಯಿತು. ಅದೇ ನಾನು.

ಕಳೆದ ವರ್ಷ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಯಲ್ಲಿ ನಾನು ಹಾಗೆಯೇ ನಿಂತಿದ್ದೆ. ಪರೀಕ್ಷೆಯ ಕೊನೆಯ ಭಾಗದಲ್ಲಿ ಒಬ್ಬರಾದ ಮೇಲೆ ಒಬ್ಬರ ಜೊತೆ, ನಡುವೆ ಬಿಡುವಿಲ್ಲದೆ ಫೈಟ್ ಆಡಬೇಕು. ಮೊದಲ ಇಬ್ಬರ ಜೊತೆ ಚೆನ್ನಾಗಿಯೇ ಆಡಿದೆ. ಮೂರನೆಯವರು ಬರುವಷ್ಟರಲ್ಲಿ ನನ್ನ ದಮ್ಮು ನನ್ನನ್ನು ಬಿಟ್ಟು ಮನೆಗೆ ಹೋಗಿತ್ತು. ಕಲಬುರಗಿಯಿಂದ ಬಂದಿದ್ದ ಪರೀಕ್ಷಕರು ಬಹಳ ಮೃದುವಾಗಿ ಕೇಳಿದರು:

“ಒಂದ್ ನಿಮಿಷ ಅಂದ್ರ ಎದುರಿನಂವ ನಿಂದಿರ್ತಾನೇನಪ್ಪಾ?”

ಫೇಲಾದೆ. ಅದರಲ್ಲಿ ನಾಚಿಕೆಯೇನಿಲ್ಲ, ನಮ್ಮ ಕ್ಲಾಸಿನಲ್ಲಿ ಎರಡೆರಡು ಸಲ ಫೇಲಾದವರು ಹೆಮ್ಮೆಯಿಂದ ಓಡಾಡುತ್ತಾರೆ. ಆದರೆ ನಾನು ಔರಾದದ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ಲು, ಕರಾಟೆ ಕಲಿಸುತ್ತೇನೆ. ಜೂನಿನಲ್ಲಿ ಶಾಲೆ ಶುರುವಾದಾಗ ಹೆಡ್‌ಮಿಸ್ ನನ್ನನ್ನು ಕರೆದು, ಕನ್ನಡಕ ಒರೆಸುತ್ತ ಹೇಳಿದರು:

“ಪಾಲಕರು ಕೇಳ್ಲತ್ತಾರ್ರಿ, ನಿಮ್ಮ ಸರ್ ಬೆಲ್ಟ್ ಇನ್ನಾ ಬ್ರೌನ್ ಯಾಕದ ಅಂತ. ನಾ ಏನ್ ಹೇಳ್ಲಿ? ಮುಂದಿನ ವರ್ಷ ಬ್ಲ್ಯಾಕ್ ಬೆಲ್ಟ್ ಇದ್ದವರನ್ನೇ ತಗೋಬೇಕಂತ ಕಮಿಟಿಯವ್ರು ಠರಾವ್ ಮಾಡ್ಯಾರ್ರಿ. ನಿಮ್ಮದೇನು ಆಗ್ತದಲ್ಲ ಈ ಸಲ?”

“ಆಗ್ತದ್ರಿ ಮೇಡಂ,” ಅಂದೆ, ಅವರದೇ ದನಿಯಲ್ಲಿ. ಅದೃಷ್ಟಕ್ಕೆ ಅವರಿಗೆ ಗೊತ್ತಾಗಲಿಲ್ಲ.

ಆ ಶಾಲೆಯ ಮಕ್ಕಳನ್ನು ಬಿಡುವುದು ನನ್ನಿಂದಾಗದ ಮಾತು. ನನ್ನ ಎಲ್ಲ ಹಾಸ್ಯಕ್ಕೂ ನಗುವ ಜನ ಭೂಮಿಯ ಮೇಲೆ ಅವರಷ್ಟೇ ಇದ್ದಾರೆ. ಹೀಗಾಗಿ ಈ ಚಳಿಗಾಲದ ಪರೀಕ್ಷೆ ನನಗೆ ಬರೀ ಬೆಲ್ಟಿನ ಪ್ರಶ್ನೆಯಾಗಿರಲಿಲ್ಲ.

ಸರ್ ಹತ್ತಿರ ಹೋದೆ. ಅವರಿಗೆ ಹೊಟ್ಟೆಪಾಡಿಗೆ ಬಸ್‌ಸ್ಟ್ಯಾಂಡ್ ಕಡೆ ಟಯರ್ ಅಂಗಡಿ ಇದೆ. ಮೊದಲ ವರ್ಷ ನಮಗೆಲ್ಲ ಜಪಾನಿನವರ ಹಾಗೆ ಗುರುವಿಗೆ ‘ಸೆನ್ಸೈ’ ಅನ್ನಬೇಕೆಂದು ಹೇಳಿಕೊಟ್ಟಿದ್ದರು. ನಾವು ‘ಸೆನ್ಸೈ ಸರ್’ ಅಂದೆವು, ಆಮೇಲೆ ಸೆನ್ಸೈ ಉದುರಿ ಸರ್ ಉಳಿದರು. ನಾನು ಹೋದಾಗ ಯಾವುದೋ ಆಟೋದ ಚಕ್ರಕ್ಕೆ ಗಾಳಿ ತುಂಬಿಸುತ್ತಿದ್ದರು.

“ಸರ್, ದಮ್ಮು ಬೇಕ್ರಿ,” ಅಂದೆ. “ದಿನಾ ಎರಡು ಹೊತ್ತು ಪ್ರಾಕ್ಟೀಸ್ ಮಾಡ್ತೇನಿ. ಇತ್ವಾರನೂ ಬಿಡಂಗಿಲ್ಲ.”

ಸರ್ ತಲೆ ಎತ್ತಲಿಲ್ಲ. “ಹವಾ ತುಂಬಸ್ಲಿಕ್ಕಿ ಬಂದವ್ರೆಲ್ಲ ಏನಂತಾರ ಗೊತ್ತದೇನು? ‘ಇನ್ನಾ ಜರಾ ಹಾಕ್ರಿ’ ಅಂತಾರ. ಸಾಕು ಅಂದವನ್ನ ನಾ ಇನ್ನಾ ನೋಡಿಲ್ಲ.”

“ಜಾಸ್ತಿ ಹಾಕಿದ್ರ ಗಾಡಿ ಜೋರ್ ಓಡ್ತದಲ್ರಿ ಸರ್.”

“ಗಾಡಿ ಓಡಂಗಿಲ್ಲ ಬೇಟಾ. ಟಯರ್ ಒಡದು ಓಡ್ತದ. ಗಾಡಿ ಅಲ್ಲೇ ಕುಂತಿರ್ತದ.”

ಆಮೇಲೆ ಅವರು ನನಗೆ ವಾರವನ್ನು ಬಿಡಿಸಿ ಹೇಳಿದರು. ಇದಕ್ಕೆ ಅವರಿಟ್ಟ ಹೆಸರು ‘ವಾರದ ವಜನು’, ಅಂದರೆ ವಾರದ ಭಾರ. ಎಷ್ಟು ಒದೆತ, ಎಷ್ಟು ಗುದ್ದು, ಎಷ್ಟು ಓಟ, ಎಷ್ಟು ಫೈಟ್ ಎಂದು ದಿನದಿನಕ್ಕೆ ನೋಡಬಾರದು, ವಾರದ ಕೊನೆಗೆ ಎಲ್ಲ ಕೂಡಿಸಿ ಮೈ ಮೇಲೆ ಎಷ್ಟು ಬಿತ್ತು ಎಂದು ನೋಡಬೇಕು. ವಾರದಲ್ಲಿ ಗಟ್ಟಿ ದಿನಗಳಿರಬೇಕು, ಅವುಗಳ ನಡುವೆ ಹಗುರ ದಿನಗಳು. ಒಂದು ದಿನ ಪೂರ್ತಿ ಖಾಲಿ. ಗಟ್ಟಿ ದಿನಗಳಲ್ಲಿ ಒದೆತ ಮತ್ತು ಫೈಟ್, ಹಗುರ ದಿನಗಳಲ್ಲಿ ಅಷ್ಟೂರಿನ ಗುಮ್ಮಟಗಳವರೆಗೆ, ಮಾತಾಡುತ್ತ ಓಡಲು ಸಾಧ್ಯವಾಗುವಷ್ಟು ನಿಧಾನದ ಓಟ. ಪ್ರತಿ ವಾರ ಸ್ವಲ್ಪ ಏರಿಸಬೇಕು. ಮೂರು ವಾರ ಏರಿಸಿದ ಮೇಲೆ ಒಂದು ವಾರ ಇಳಿಸಬೇಕು, ಮೈಗೆ ಉಸಿರು ಬಿಡಲು.

“ಖಾಲಿ ದಿನ ಯಾವ್ದು ಇಟ್ಗೋತಿ? ನಂದು ಶುಕ್ರವಾರ, ಜುಮ್ಮಾ.”

“ನಮ್ಮದು ಇತ್ವಾರ ಚರ್ಚ್ ಇರ್ತದ್ರಿ.”

“ಭೇಷ್. ಮೇಲಿನವ್ನೇ ಖಾಲಿ ದಿನ ಕೊಟ್ಟಾನ, ನಾ ಏನ್ ಕೊಡ್ಲಿ. ಅವತ್ತ ಕಾಲಿಗಿ ಒಂದು ಕೆಲ್ಸಾನೂ ಹೇಳಬ್ಯಾಡ.”

ಹೇಳುವುದಿಲ್ಲ ಎಂದೆ. ಆದರೆ ನನ್ನ ಭಾನುವಾರದಲ್ಲಿ ಚರ್ಚು ಮುಗಿದ ಮೇಲೆ ಮಾಮಾ ಇರುತ್ತಾರೆ.

ಅವ್ವನ ಅಣ್ಣ. ಭಾಲ್ಕಿ ತಾಲೂಕಿನ ಮೆಹಕರದಲ್ಲಿ ಹೊಲ ಮಾಡಿಕೊಂಡಿದ್ದಾರೆ. ಪ್ರಾಯದಲ್ಲಿ ಕುಸ್ತಿ ಆಡಿ ಗಡಿಯಾಚೆಯ ಪೈಲ್ವಾನರನ್ನೂ ಮಣ್ಣು ಮುಕ್ಕಿಸಿದವರು. ಎರಡೂ ಕಿವಿಗಳು ಸುಟ್ಟ ಹಪ್ಪಳದ ಹಾಗೆ ಮುದುಡಿವೆ. ಪ್ರಾರ್ಥನೆ ಮುಗಿಸಿ ಅವ್ವನೂ ನಾನೂ ಭಾಲ್ಕಿ ಬಸ್ ಹತ್ತಿ, ಅಲ್ಲಿಂದ ಮೆಹಕರಕ್ಕೆ ಹೋದರೆ, ಮಾಮಾ ಬಾಗಿಲಲ್ಲೇ ನನ್ನ ತೋಳು ಒತ್ತಿ ನೋಡುತ್ತಾರೆ, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ.

“ಇನ್ನಾ ಗಾಳಿಗೇ ಒದೀಲತ್ತೀ ಏನೋ? ನೀ ಒದ್ದಿದ್ದಕ್ಕ ಗಾಳಿ ಏನರೆ ಅಂತೇನು?”

“ಇಲ್ಲ ಮಾಮಾ, ಗಾಳಿ ಭಾಳ ಸಭ್ಯ ಅದ.”

“ಬಾ. ಬೈಠಕ್ ಹೊಡಿ. ದಮ್ಮು ಅಂದ್ರ ತೊಡ್ಯಾಗ ಇರ್ತದ, ಎದ್ಯಾಗಲ್ಲ.”

ಹೊಲದ ಮೂಲೆಯಲ್ಲಿ ಹದ ಮಾಡಿದ ಮೆತ್ತನೆಯ ಮಣ್ಣಿತ್ತು. ಅದರಲ್ಲಿ ಏಳು ಕೂಡು, ಏಳು ಕೂಡು. ಮಾಮಾ ಬೇವಿನ ಕೆಳಗೆ ಕುಳಿತು ಶೇಂಗಾ ಒಡೆಯುತ್ತ ಎಣಿಸುತ್ತಿದ್ದರು. ಬಾಯಲ್ಲಿ ಶೇಂಗಾ ಇದ್ದಾಗ ಎಣಿಕೆ ನಿಲ್ಲುತ್ತಿತ್ತು, ನನ್ನ ಬೈಠಕ್ ನಿಲ್ಲುತ್ತಿರಲಿಲ್ಲ. ಖಾಲಿ ದಿನ ಹೀಗೆ ತುಂಬುತ್ತಿತ್ತು.

ಏರಿಸುವ ಮೂರು ವಾರ ಮುಗಿಯುವ ಮೊದಲೇ ಬಲತೊಡೆಯ ಸಂದಿನಲ್ಲಿ ಒಂದು ಸಣ್ಣ ನೋವು ಬಂದು ಕುಳಿತಿತು. ಮೊದಲು ಅದು ಔರಾದದ ಬಸ್ಸಿನ ಮೆಟ್ಟಿಲು ಹತ್ತುವಾಗ ಮಾತ್ರ ಕಾಣಿಸುತ್ತಿತ್ತು. ಆಮೇಲೆ ಇಳಿಯುವಾಗಲೂ. ಆಮೇಲೆ ಸೀಟಿನಲ್ಲಿ ಕುಳಿತಾಗಲೂ ಟಿಕೆಟ್ಟಿಲ್ಲದ ಪ್ರಯಾಣಿಕನ ಹಾಗೆ ಪಕ್ಕದಲ್ಲೇ ಇರತೊಡಗಿತು.

ಕ್ಲಾಸಿನಲ್ಲಿ ಅದನ್ನು ಮೊದಲು ಹಿಡಿದವರು ಪೊಲೀಸ್ ಅಕ್ಕ. ಅವರು ಕಾನ್‌ಸ್ಟೇಬಲ್, ನನಗಿಂತ ಮುಂಚೆಯೇ ಬ್ಲ್ಯಾಕ್ ಬೆಲ್ಟ್ ಆದವರು. ಕಳೆದ ಪರೀಕ್ಷೆಯಲ್ಲಿ ನನ್ನ ದಮ್ಮು ಮನೆಗೆ ಹೋದಾಗ ಎದುರಿಗೆ ನಿಂತಿದ್ದ ಮೂರನೆಯವರು ಇವರೇ. ನಾನು ಇಡೀ ಕ್ಲಾಸನ್ನು ನಗಿಸಿದ್ದೇನೆ, ಪೊಲೀಸ್ ಅಕ್ಕನನ್ನು ಒಮ್ಮೆಯೂ ನಗಿಸಲಾಗಿಲ್ಲ. ಅವರ ಸೆಲ್ಯೂಟನ್ನೇ ಅವರಿಗೆ ಮಾಡಿ ತೋರಿಸಿದ್ದೆ. “ಬಟನ್ ಹಾಕ್ಕೊ,” ಅಂದಿದ್ದರು.

“ಏ, ಕಾಲ್ ಎಳೀಲತ್ತಿ,” ಅಂದರು ಈಗ.

“ಇಲ್ರಿ ಅಕ್ಕಾ, ಕಾಲೇ ನನ್ನ ಎಳೀಲತ್ತದ.”

“ಸರ್ಗೆ ಹೇಳ್ತಿ ಏನು, ನಾ ಹೇಳ್ಲಿ?”

ನಾನೇ ಹೇಳಿದೆ. ಸರ್ ಮೊದಲು ಕೇಳಿದ್ದು ಭಾನುವಾರದ ಬಗ್ಗೆ. ಮಾಮಾನ ಹೆಸರು ಹೊರಬಿತ್ತು. ಸರ್ ಕಣ್ಣು ಮುಚ್ಚಿಕೊಂಡು ಕೇಳಿದರು. “ಬೈಠಕ್ ಭಾಳ ಚೊಲೋ ಚೀಜ್ ಅದ. ಆದ್ರ ನಿನ್ನ ವಾರದಾಗ ಅದಕ್ಕ ಜಾಗಾ ಇಲ್ಲ. ಮಾಮಾನ ಮನಿಗಿ ಹೋಗು, ಉಣ್ಣು, ಮಲ್ಕೊ.”

ಮುಂದಿನ ಭಾನುವಾರ ಮಾಮಾನಿಗೆ ವಿಷಯ ಹೇಳಿದಾಗ ಅವರು ಬಹಳ ಹೊತ್ತು ಶೇಂಗಾ ಒಡೆಯಲೇ ಇಲ್ಲ.

“ಕೂಡಬ್ಯಾಡ ಅಂದಾರ?”

“ಹೌದು ಮಾಮಾ. ಎದ್ದೆದ್ದು ಕೂಡಬ್ಯಾಡ ಅಂದಾರ. ಬರೀ ಕೂಡು ಅಂದಾರ.”

“ಬರೀ ಕೂಡ್ಲಿಕ್ಕಿ ಉಸ್ತಾದ್ ಯಾಕ ಬೇಕೋ? ನಮ್ಮ ಎಮ್ಮಿ ಕಲಿಸ್ತಿತ್ತು.” ಬೇಸರವಾಗಿತ್ತು. ಆದರೂ ಎದ್ದು ಹೋಗಿ ಹಾಲಿನ ದೊಡ್ಡ ಲೋಟ ತಂದು ನನ್ನ ಕೈಗಿಟ್ಟು, ಕುಡಿದು ಮುಗಿಸುವ ತನಕ ಎದುರಿಗೇ ನಿಂತರು. ಬೈಠಕ್ ಎಣಿಸುವ ಚಟವನ್ನು ಗುಟುಕಿನ ಮೇಲೆ ತೀರಿಸಿಕೊಂಡರೆಂದು ಕಾಣುತ್ತದೆ.

ಭಾನುವಾರ ಖಾಲಿಯಾಯಿತು. ಇಳಿಸುವ ವಾರವೂ ಬಂತು. ಸರ್ ನನ್ನ ಒದೆತಗಳನ್ನು ಅರ್ಧ ಮಾಡಿದರು, ಫೈಟ್ ನಿಲ್ಲಿಸಿದರು, ಅಷ್ಟೂರಿನ ಓಟವನ್ನು ನಡಿಗೆ ಮಾಡಿದರು. ವಜನು ಇಳಿದ ಹಾಗೆಲ್ಲ ನೋವು ಇಳಿಯಬೇಕು. ಅದು ಏರಿತು.

ಅವ್ವ ಮನೆಯಲ್ಲಿ ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಕಾಲು ಎತ್ತಿ ತಿರುಗಿಸಿ ನೋಡಿದಳು. ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದಳು. ಏನೂ ಹರಿದಿಲ್ಲ, ಸ್ನಾಯು ಉರಿ ಹಿಡಿದಿದೆ, ವಿಶ್ರಾಂತಿ ಕೊಡಿ ಎಂದರು ಅವರು.

“ವಿಶ್ರಾಂತಿ ಕೊಡ್ಲತ್ತೀನವ್ವಾ.”

“ಕೊಟ್ಟಿಲ್ಲ. ಇದು ದಿನಾ ಎಲ್ಲೋ ತಿಕ್ಕಾಡ್ಲತ್ತದ. ಎಲ್ಲಿ ಹೇಳು.”

“ಎಲ್ಲೂ ಇಲ್ಲವ್ವಾ. ಆಣಿ.”

“ಆಣಿ ಇಡಬ್ಯಾಡ. ಕಾಲ್ ಇಡು ಸರಿ.”

ನಾನು ಸುಳ್ಳು ಹೇಳುತ್ತಿರಲಿಲ್ಲ. ಬೆಳಗಿನ ಕ್ಲಾಸು, ಓಟ, ಮೆಹಕರ, ಎಲ್ಲವನ್ನೂ ಎಣಿಸಿದ್ದೆ. ಎಲ್ಲಿಯೂ ತಪ್ಪಿರಲಿಲ್ಲ. ಕೊನೆಗೆ ಸರ್ ಹೇಳಿಬಿಟ್ಟರು: “ಮುಂದಿನ ವಾರದಾಗ ಈ ನೋವು ಇಳೀಲಿಲ್ಲಂದ್ರ ಈ ಸಲ ಪರೀಕ್ಷಾ ಬ್ಯಾಡ. ಬೆಲ್ಟ್ ಬರ್ತದ ಹೋಗ್ತದ. ಸೊಂಟ ಹೋದ್ರ ಬರಂಗಿಲ್ಲ.”

ಬೆಲ್ಟ್ ಬರದಿದ್ದರೆ ಔರಾದವೂ ಬರುವುದಿಲ್ಲ ಎಂದು ನಾನು ಹೇಳಲಿಲ್ಲ. ಅವರಿಗೆ ಗೊತ್ತಿತ್ತು.

ಅದೇ ವಾರ ಶಾಲೆಯ ವಾರ್ಷಿಕೋತ್ಸವದ ತಯಾರಿ ನಡೆದಿತ್ತು. ಮಕ್ಕಳ ಕರಾಟೆ ಪ್ರದರ್ಶನವನ್ನು ಒಮ್ಮೆ ನೋಡಿ ತಿದ್ದಿಕೊಡಬೇಕೆಂದು ಹೆಡ್‌ಮಿಸ್ ಸರ್‌ಗೆ ಫೋನ್ ಮಾಡಿದ್ದರು. ಸರ್ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ನನ್ನ ಜೊತೆ ಔರಾದದ ಬಸ್ ಹತ್ತಿದರು. ದಾರಿಯುದ್ದಕ್ಕೂ ಎದುರು ಬರುವ ಗಾಡಿಗಳ ಟಯರು ನೋಡಿ ತಲೆಯಾಡಿಸುತ್ತಿದ್ದರು.

ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಮುಂದಿನ ಸಾಲಿನ ನಡುವೆ ಎಕಂಬಾದಿಂದ ಬರುವ ಎರಡು ಜಡೆಯ ಹುಡುಗಿ. ಅವಳು ನನ್ನ ಕ್ಲಾಸಿನ ಲೀಡರು, ಏನನ್ನಾದರೂ ಒಮ್ಮೆ ನೋಡಿದರೆ ಸಾಕು ಹಾಗೇ ಮಾಡುವವಳು. ಎದೆ ಉಬ್ಬಿಸಿ ಆಜ್ಞೆ ಕೊಟ್ಟೆ.

ಇಡೀ ಮೈದಾನ ಒಟ್ಟಿಗೆ ಬಲತೊಡೆಯ ಪ್ಯಾಂಟನ್ನು ಬೆರಳ ತುದಿಯಲ್ಲಿ ಹಿಡಿದು ತುಸು ಮೇಲಕ್ಕೆಳೆಯಿತು. ಇಡೀ ಮೈದಾನ ‘ಖ್ಹೂಂ’ ಎಂದಿತು. ಇಡೀ ಮೈದಾನದ ಬಲಸೊಂಟ ಹೊರಕ್ಕೆ ಹೋಯಿತು. ಆಮೇಲೆ ಕಾಲುಗಳು ಎದ್ದವು.

ನನಗೆ ಆ ಕ್ಷಣದವರೆಗೂ ಅದು ಹೊಳೆದಿರಲಿಲ್ಲ. ದಿನಾ ನೋಡಿ ನೋಡಿ, ಒದೆತ ಅಂದರೆ ಇಷ್ಟೂ ಸೇರಿದ್ದೇ ಎಂದು ನನಗೇ ಆಗಿಹೋಗಿತ್ತು. ಈಗ ಸರ್ ಪಕ್ಕದಲ್ಲಿ ನಿಂತಾಗ ಹೊಳೆಯಿತು. ಪಕ್ಕಕ್ಕೆ ನೋಡುವ ಧೈರ್ಯವಾಗಲಿಲ್ಲ. ನೋಡಿದೆ. ಸರ್ ಮುಖದಲ್ಲಿ, ಕನ್ನಡಿ ಅಂಗಡಿಗೆ ತಪ್ಪಿ ಹೊಕ್ಕವರ ಗಾಬರಿ ಇತ್ತು.

ಅವರು ಮೆಲ್ಲಗೆ ಎಕಂಬಾದ ಹುಡುಗಿಯ ಹತ್ತಿರ ಹೋದರು.

“ಬೇಟಾ, ಇದೇನು?” ಪ್ಯಾಂಟು ಎಳೆದು ತೋರಿಸಿದರು.

“ಒದಿಯೋದ್ರಿ ಸರ್.”

“ಒದಿಯೋದು ಆಮ್ಯಾಗ. ಇದು?”

“ಇದೂ ಒದಿಯೋದ್ರಾಗೇ ಬರ್ತದ್ರಿ. ನಮ್ಮ ಸರ್ ಹಂಗೇ ಕಲಿಸ್ಯಾರ್ರಿ.”

“ಖ್ಹೂಂ ಅನ್ನೋದು?”

“ಅದು ತಾಕತ್ತಿಗಿರಿ.”

“ನಿಮ್ಮ ಸರ್ ಇದು ಯಾವಾಗ ತೋರಸ್ತಾರ?”

“ಎಲ್ಲಾ ಪಿರೇಡ್‌ದಾಗೂರಿ. ಎಲ್ಲಾ ಕ್ಲಾಸಿಗೂರಿ. ನಾವು ಇನ್ನೊಮ್ಮಿ ಅಂದ್ರ ಇನ್ನೊಮ್ಮಿ ತೋರಸ್ತಾರ್ರಿ. ನಾವು ನಗೋದು ನಿಲ್ಲೋತನಕ ತೋರಸ್ತಾರ್ರಿ.”

“ಬೂಟ್ ಹಾಕ್ಕೊಂಡೇ?”

“ಹೌದ್ರಿ.”

“ಎಡಗಾಲಿಂದನೂ?”

ಹುಡುಗಿ ಮೂಗು ಮುರಿದಳು. “ಎಡಗಾಲಿಂದ ಮಜಾ ಬರಂಗಿಲ್ರಿ ಸರ್.”

ಸರ್ ವೇದಿಕೆಯ ಮೆಟ್ಟಿಲ ಮೇಲೆ ಹೋಗಿ ಕುಳಿತರು. ನಾನು ಬೈಗುಳಕ್ಕೆ ತಯಾರಾಗಿ ಎದುರಿಗೆ ನಿಂತೆ. ಅವರು ಬೈಯಲಿಲ್ಲ, ಬೆರಳು ಮಡಿಚುತ್ತಿದ್ದರು. ದಿನಕ್ಕೆ ಇಷ್ಟು ಪಿರೇಡು, ಪಿರೇಡಿಗೆ ಇಷ್ಟು ‘ಇನ್ನೊಮ್ಮಿ’. ಬೆರಳು ಮುಗಿದವು. ಮತ್ತೆ ಮೊದಲಿಂದ ಹಿಡಿದರು. ಮತ್ತೆ ಮುಗಿದವು.

“ಬೀದರದಾಗ ನಾ ಹನಿ ಹನಿ ಎಣಿಸಿ ಹಾಕ್ಲತ್ತೀನಿ,” ಅಂದರು ಕೊನೆಗೆ. “ಇಲ್ಲಿ ನೀ ನಳ ತೆರದಿಟ್ಟಿ.”

“ಇದು ಪ್ರಾಕ್ಟೀಸ್ ಅಲ್ರಿ ಸರ್. ಮಜಾಕ್ ಅದರಿ.”

“ಮಜಾಕ್ ಅಂತ ಬಾಯಿಗಿ ಗೊತ್ತದ. ಕಾಲಿಗಿ ಗೊತ್ತಿಲ್ಲ.”

ಅದು ನಿಜವಾಗಿತ್ತು. ಮೈ ಬೆಚ್ಚಗೆ ಮಾಡಿಕೊಳ್ಳದೆ, ಬಸ್ಸಿನಿಂದ ಇಳಿದವನೇ, ಭಾರದ ಬೂಟಿನಲ್ಲಿ, ಒಂದೇ ಕಾಲಿನಿಂದ, ಮಕ್ಕಳು ನಗುವಷ್ಟೂ ಹೊತ್ತು ಒದ್ದಿದ್ದೆ. ಮಕ್ಕಳು ಬಹಳ ನಗುತ್ತಾರೆ. ವಾರದ ವಜನಿನಲ್ಲಿ ಎಲ್ಲವನ್ನೂ ಬರೆದುಕೊಂಡವನು ನನ್ನ ಬದುಕಿನ ಮುಖ್ಯ ಉದ್ಯೋಗವನ್ನೇ ಬಿಟ್ಟಿದ್ದೆ.

“ಇನ್ನೊಂದು ಮಾತು,” ಅಂದರು ಸರ್, ದನಿ ಇಳಿಸಿ. “ಈ ಸೊಂಟ ದೂಡೋದು ನನ್ನ ಸ್ಟೈಲ್ ಅಂದ್ಕೊಂಡಿಯೇನು?”

“ಹೌದಲ್ರಿ?”

“ಅಲ್ಲ. ನಿನ್ನ ವಯಸ್ಸಿನಾಗ ಮುಂಜಾನಿ ಕ್ಲಾಸಿನಾಗ ಒದೀತಿದ್ದೆ. ಆಮ್ಯಾಗ ದಿನಪೂರ್ತಿ ಅಂಗಡ್ಯಾಗ ನೇತುಹಾಕಿದ ಟಯರಿಗಿ ಒದೀತಿದ್ದೆ. ಗಿರಾಕಿ ನೋಡಿ ಭೇಷ್ ಅಂತಿದ್ರು. ಅಲ್ಲಿ ಒದ್ದಿದ್ದು ನಾನೂ ಎಣಿಸ್ಲಿಲ್ಲ. ಈಗ ಪ್ಯಾಂಟ್ ಎಳದು, ಸೊಂಟ ದೂಡಿದ್ರೇ ಈ ಕಾಲ್ ಏಳ್ತದ.” ಪ್ಯಾಂಟಿನ ಧೂಳು ಕೊಡವಿದರು. “ಖ್ಹೂಂ ಅನ್ನೋದು, ನೋವಿಗಿ ಹಾಯ್ ಅಂತ ಬಾಯಿಗಿ ಬಂದದ್ದು ನಿಮಗ ಕೇಳಬಾರ್ದು ಅಂತ.”

ನನಗೆ ಜೀವನದಲ್ಲಿ ಮೊದಲ ಸಲ ಹೇಳಲು ಯಾರ ದನಿಯೂ ಸಿಗಲಿಲ್ಲ. ಅಷ್ಟು ವರ್ಷ ಆ ಸೊಂಟವನ್ನು ನೋಡಿದ್ದೆ, ಅದರ ಕೋನ ಗೊತ್ತಿತ್ತು, ವೇಗ ಗೊತ್ತಿತ್ತು. ಅದು ಯಾಕೆ ಹಾಗೆ ತಿರುಗುತ್ತದೆ ಎಂದು ಕೇಳಬೇಕೆಂದು ಅನಿಸಿರಲೇ ಇಲ್ಲ. ನನ್ನ ನೋವು ಎಲ್ಲಿದೆ ಎಂದು ಸರ್ ಕೈಯಿಟ್ಟು ಕೇಳಿದರು. ತೋರಿಸಿದೆ. ಅವರು ತಮ್ಮದನ್ನು ತೋರಿಸಿದರು. ಒಂದೇ ಜಾಗ.

“ನಕಲು ಪಕ್ಕಾ ಅದ,” ಅಂದರು. “ನೋವು ಸುದ್ದಾ ಬಿಟ್ಟಿಲ್ಲ.”

ಅಂದೇ ತೀರ್ಮಾನವಾಯಿತು. ಔರಾದದಲ್ಲಿ ಒದ್ದದ್ದೂ ವಾರದ ವಜನಿಗೆ ಸೇರುತ್ತದೆ. ಅಲ್ಲಿ ಒದ್ದರೆ ಇಲ್ಲಿ ಒದೆಯುವಂತಿಲ್ಲ. ಪರೀಕ್ಷೆ ಬೇಕಿದ್ದರೆ ಶಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕಲಿಸಬೇಕು. ಬಾಯಿ ಎಷ್ಟು ಬೇಕಾದರೂ ಓಡಲಿ, ಮೈ ಓಡಬಾರದು.

ನನ್ನಂಥವನನ್ನು ಕುರ್ಚಿಯ ಮೇಲೆ ಕೂರಿಸುವುದು ಎಂದರೆ ಏನೆಂದು ಕೂರಿಸಿದವರಿಗೆ ಗೊತ್ತಾಗುವುದಿಲ್ಲ. ಮೊದಲ ದಿನ ಕೈಗಳನ್ನು ಹಿಂದೆ ಕಟ್ಟಿಕೊಂಡೆ, ಅವು ಬಿಡಿಸಿಕೊಂಡು ಮುಂದೆ ಬಂದವು. ಮಕ್ಕಳು “ಇನ್ನೊಮ್ಮಿ ತೋರಸ್ರಿ ಸರ್” ಅಂದಾಗಲೆಲ್ಲ ಕಾಲು ತಾನೇ ಏಳಲು ನೋಡಿತು. ಎಕಂಬಾದ ಹುಡುಗಿಯನ್ನು ಮುಂದೆ ನಿಲ್ಲಿಸಿ, ಅವಳಿಂದ ಮಾಡಿಸಿ, ನಾನು ಬಾಯಲ್ಲಿ ತಿದ್ದಿದೆ. ಪ್ಯಾಂಟು ಬಿಡು, ಗಂಟಲು ಬಿಡು, ಸೊಂಟ ನೆಟ್ಟಗೆ. ಎಡಗಾಲಿಂದಲೂ ಮಾಡಿಸಿದೆ. ಮಜಾ ಬರಲಿಲ್ಲ, ಒದೆತ ಬಂತು.

ಆ ದಿನಗಳಲ್ಲೇ ನನಗೆ ಗೊತ್ತಾದದ್ದು, ನಾನು ಮಾತಿಗಿಂತ ಹೆಚ್ಚು ಮೈಯನ್ನು ಖರ್ಚು ಮಾಡುತ್ತೇನೆಂದು. ಅವ್ವನನ್ನು ಅಣಕಿಸಲು ಒಂದು ಕಾಲು ಎಳೆಯಬೇಕು, ಪಾಸ್ಟರಿಗೆ ಹಿಮ್ಮಡಿ ಎತ್ತಬೇಕು, ಕಂಡಕ್ಟರಿಗೆ ಸೊಂಟ ಅಡ್ಡ ಮಾಡಬೇಕು. ಹೀಗಾಗಿ ಅವರನ್ನೂ ವಾರದೊಳಗೆ ಹಂಚಿದೆ. ಪಾಸ್ಟರು ಹಗುರ ದಿನಕ್ಕೆ, ಕಂಡಕ್ಟರು ಗಟ್ಟಿ ದಿನಕ್ಕೆ. ಪರೀಕ್ಷೆ ಮುಗಿಯುವ ತನಕ ಅವ್ವ ಪೂರ್ತಿ ಬಂದ್.

“ಅದೊಂದು ಪುಣ್ಯ ಆಯ್ತು,” ಅಂದಳು ಅವ್ವ.

ಅವ್ವ ಸರ್ ಅವರನ್ನೂ ಮನೆಗೆ ಕರೆಸಿದಳು. ಇಬ್ಬರನ್ನೂ ಚಾಪೆಯ ಮೇಲೆ ಪಕ್ಕಪಕ್ಕ ಮಲಗಿಸಿ, ಡಾಕ್ಟರು ಹೇಳಿಕೊಟ್ಟ ಕಾಲಿನ ವ್ಯಾಯಾಮ ಮಾಡಿಸಿದಳು.

“ಸಿಸ್ಟರ್, ನಾ ಇವನ ಸರ್ ಇದ್ದೀನ್ರಿ,” ಅಂದರು ಸರ್, ಚಾವಣಿ ನೋಡುತ್ತ.

“ಇರ್ರಿ. ಮಲ್ಕೊಂಡವ್ರೆಲ್ಲ ನನಗ ಪೇಶಂಟ್‌ರಿ. ಖ್ಹೂಂ ಅನ್ನಬ್ಯಾಡ್ರಿ. ನೋವಾದ್ರ ನೋವಾಯ್ತು ಅನ್ರಿ.”

ಸರ್ ಮತ್ತೊಮ್ಮೆ ಕಾಲೆತ್ತುತ್ತ, ಬಹಳ ಸಣ್ಣ ದನಿಯಲ್ಲಿ, “ನೋವಾಯ್ತ್ರಿ,” ಅಂದರು.

ನೋವು ಒಂದೇ ಸಲ ಹೋಗಲಿಲ್ಲ. ಮೊದಲು ಸೀಟಿನಿಂದ ಎದ್ದಿತು, ಆಮೇಲೆ ಮೆಟ್ಟಿಲ ಹತ್ತಿರ ನಿಂತಿತು, ಒಂದು ದಿನ ಬಸ್ ಇಳಿಯುವಾಗ ನೋಡಿದರೆ ಇರಲಿಲ್ಲ. ಆಗ ಸರ್ ಮತ್ತೆ ವಜನು ಏರಿಸತೊಡಗಿದರು, ಹನಿ ಹನಿ. ಪರೀಕ್ಷೆಯ ಹಿಂದಿನ ವಾರ ನಾನು ‘ಇನ್ನಾ ಜರಾ’ ಅನ್ನಲು ಬಾಯಿ ತೆರೆದಾಗ ಅಂಗಡಿಯಲ್ಲಿ ಗಾಳಿ ತುಂಬುವ ಕಂಪ್ರೆಸರಿನ ಪೈಪು ತೋರಿಸಿದರು. ಬಾಯಿ ಮುಚ್ಚಿದೆ.

ಪರೀಕ್ಷೆಗೆ ಮಾಮಾ ಮೆಹಕರದಿಂದ ಬಂದಿದ್ದರು, ಜೇಬಿನ ತುಂಬ ಶೇಂಗಾ. ಅವ್ವ ಪಕ್ಕದಲ್ಲಿ. ಅದೇ ಕಲಬುರಗಿಯ ಪರೀಕ್ಷಕರು. ಮೊದಲ ಇಬ್ಬರ ಜೊತೆ ಆಡಿದೆ. ದಮ್ಮು ಜೊತೆಗೇ ಇತ್ತು. ಮೂರನೆಯವರಾಗಿ ಪೊಲೀಸ್ ಅಕ್ಕ ಬಂದು ನಿಂತರು, ಮುಖಕ್ಕೂ ಬಟನ್ ಹಾಕಿಕೊಂಡವರ ಹಾಗೆ. ಅಕ್ಕ ಹೊಡೆದರು, ನಾನು ತಡೆದೆ. ಮತ್ತೆ ಹೊಡೆದರು, ತಡೆಯಲಿಲ್ಲ. ಉಸಿರು ಮೇಲೆ ಬಂತು, ಹಳೆಯ ಅಭ್ಯಾಸಕ್ಕೆ ನನ್ನೆರಡೂ ಕೈಗಳು ಮೊಣಕಾಲಿನ ಕಡೆ ಹೊರಟವು.

“ಏ, ಕೂಡಬ್ಯಾಡಂತ ನಿನ್ನ ಸರ್ ಹೇಳ್ಯಾರಲ್ಲೋ,” ಅಂದರು ಮಾಮಾ ಹಿಂದಿನಿಂದ, ಬಾಯಲ್ಲಿ ಶೇಂಗಾ ಇಟ್ಟುಕೊಂಡೇ.

ನೆಟ್ಟಗಾದೆ. ಇನ್ನೂ ಉಸಿರಿತ್ತು, ಎಲ್ಲೋ ಕೆಳಗೆ, ತೊಡೆಯ ಹತ್ತಿರ. ಮಾಮಾ ಹೇಳಿದ್ದರಲ್ಲಿಯೂ ಏನೋ ಇದೆ. ಬಲಗಾಲು ಎತ್ತಿದೆ. ಕೈ ಪ್ಯಾಂಟಿಗೆ ಹೋಗಲಿಲ್ಲ. ಸೊಂಟ ನೆಟ್ಟಗಿತ್ತು. ನನ್ನ ಗಂಟಲು ಸುಮ್ಮನಿತ್ತು.

ಮೂಲೆಯಲ್ಲಿ ನಿಂತಿದ್ದ ಸರ್, ನನ್ನ ಕಾಲು ಏಳುತ್ತಿದ್ದ ಹಾಗೇ, ‘ಖ್ಹೂಂ’ ಎಂದರು.

ಪೊಲೀಸ್ ಅಕ್ಕ ನಕ್ಕರು. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಅವರ ಗುರಾಣಿಯಂಥ ಎಡಗೈ ಒಂದು ಗೇಣು ಕೆಳಗಿಳಿಯಿತು, ನನ್ನ ಪಾದ ಅವರ ಕಿವಿಯ ಪಕ್ಕದ ಹೆಲ್ಮೆಟ್ಟಿಗೆ ಮೆತ್ತಗೆ ತಾಗಿತು. ಅದು ಶುದ್ಧ ಪಾಯಿಂಟ್ ಎಂದು ನಾನು ಹೇಳುತ್ತೇನೆ. ಅಕ್ಕ ಒಪ್ಪಿಲ್ಲ. ಗಂಟೆ ಬಾರಿಸುವ ತನಕ ಅದರ ಸೇಡು ತೀರಿಸಿಕೊಂಡರು, ನಾನು ಅಷ್ಟೂ ಹೊತ್ತು ನಿಂತೇ ಇದ್ದೆ.

“ಈ ಸಲ ಒಂದ್ ನಿಮಿಷ ಅನ್ಲಿಲ್ಲಲ್ಲಪ್ಪಾ,” ಅಂದರು ಪರೀಕ್ಷಕರು, ಕಪ್ಪು ಬೆಲ್ಟ್ ಕಟ್ಟುತ್ತ.

“ಅನ್ಲಿಕ್ಕಿ ಅಕ್ಕ ಟೈಮೇ ಕೊಡ್ಲಿಲ್ರಿ.”

ಸೋಮವಾರ ಔರಾದಕ್ಕೆ ಬೆಲ್ಟ್ ಕಟ್ಟಿಕೊಂಡೇ ಹೋದೆ. ಹೆಡ್‌ಮಿಸ್ ಅದರ ತುದಿಯನ್ನು ಸೀರೆ ಅಂಗಡಿಯಲ್ಲಿ ಸೆರಗು ನೋಡುವ ಹಾಗೆ ಬೆರಳಲ್ಲಿ ಉಜ್ಜಿ ನೋಡಿ, “ಮುಂದಿನ ವರ್ಷದ ಟೈಮ್‌ಟೇಬಲ್ ನಿಮ್ಮ ಹೆಸರಿಗೇ ಹಾಕ್ತೇನ್ರಿ,” ಅಂದರು. ಮೈದಾನಕ್ಕೆ ಹೋದರೆ ಮಕ್ಕಳು ಸುತ್ತ ಮುಗಿಬಿದ್ದರು. ಒದ್ದು ತೋರಿಸಿ, ಈಗಂತೂ ತೋರಿಸಲೇಬೇಕು.

“ಇಲ್ರೋ. ನಿನ್ನಿ ಪರೀಕ್ಷಾ ಆಗ್ಯದ. ಇವತ್ತ ಖಾಲಿ ದಿನ.”

ಕುರ್ಚಿಯ ಕಡೆ ಹೋದೆ. ಅದರಲ್ಲಿ ಎಕಂಬಾದ ಹುಡುಗಿ ಆಗಲೇ ಕುಳಿತಿದ್ದಳು. ಬೆನ್ನು ನೆಟ್ಟಗೆ, ಎಡಗೈ ಹಿಂದೆ, ಮೂಗಿನ ತುದಿಯಿಂದ ಸಾಲುಗಳನ್ನು ನೋಡುತ್ತ.

“ಪ್ಯಾಂಟ್ ಬಿಡ್ರಿ. ಗಂಟಲ ಬಿಡ್ರಿ. ಇವತ್ತ ಖಾಲಿ ದಿನ,” ಅಂದಳು ನನ್ನ ದನಿಯಲ್ಲಿ. ನನ್ನ ದನಿ ಅಷ್ಟು ಕೀರಲು ಎಂದು ನನಗೆ ಗೊತ್ತಿರಲಿಲ್ಲ. ಮಕ್ಕಳು ನೆಲದ ಮೇಲೆ ಉರುಳಾಡಿ ನಗುತ್ತಿದ್ದರು.

“ಬಲಗೈ ಯಾಕ ಅಲ್ಲಿಟ್ಟಿ?” ಅಂದೆ. ಅವಳ ಬಲಗೈ ತೊಡೆಸಂದಿನ ಮೇಲೆ ಒತ್ತಿ ಕುಳಿತಿತ್ತು.

“ನೀವು ಅಲ್ಲೇ ಇಡ್ತೀರಲ್ರಿ ಸರ್.”

ಕೆಳಗೆ ನೋಡಿಕೊಂಡೆ. ನೋವು ಹೋಗಿ ಎಷ್ಟೋ ದಿನವಾಗಿತ್ತು. ಕೈ ಅಲ್ಲೇ ಇತ್ತು.

“ಇನ್ನೊಮ್ಮಿ ಮಾಡು,” ಅಂದರು ಮಕ್ಕಳು ಅವಳಿಗೆ.

“ಒಮ್ಮಿ ಸಾಕು,” ಅಂದೆ ನಾನು. ನನಗೂ ಇನ್ನೊಮ್ಮೆ ನೋಡಬೇಕಿತ್ತು.